ಪಾಸಾದದ್ದೋ, ಮೂರ್ಛೆ ಹೋದದ್ದೋ?

ಕೆಲಸದ ಅರ್ಜಿಯಲ್ಲಿ ನಮ್ಮ ಹುಡುಗರು 'ಐ ಪಾಸ್ಡ್ ಔಟ್ ಇನ್ 2019' ಎಂದು ಬರೆಯುವುದುಂಟು. ಬೆಂಗಳೂರಿನಲ್ಲಿ ಇದಕ್ಕೆ ಪದವಿ ಮುಗಿಸಿದೆ ಎಂದೇ ಅರ್ಥ. ಅದೇ ಅರ್ಜಿ ಅಮೆರಿಕಕ್ಕೆ ಹೋದರೆ, '2019ರಲ್ಲಿ ಎಚ್ಚರ ತಪ್ಪಿ ಬಿದ್ದೆ' ಎಂದು ಓದಿಕೊಂಡಾರು! ಅಲ್ಲಿ 'ಪಾಸ್ ಔಟ್' ಎಂದರೆ ಮುಖ್ಯವಾಗಿ ಮೂರ್ಛೆ ಹೋಗುವುದು. ಬಿಸಿಲಿಗಾದರೂ ಸರಿ, ಕುಡಿತಕ್ಕಾದರೂ ಸರಿ. ಕಾಗದ ಹಂಚುವುದಕ್ಕೂ ಇದೇ ಮಾತು.

ಹಾಗಾದರೆ ನಮ್ಮ ಬಳಕೆ ತಪ್ಪೇ? ಪೂರಾ ಅಲ್ಲ. ಬ್ರಿಟಿಷ್ ಇಂಗ್ಲಿಷಿನಲ್ಲಿ ಸೇನಾ ತರಬೇತಿ ಮುಗಿಸಿ ಹೊರಬರುವುದೂ 'ಪಾಸ್ ಔಟ್'. 1932ರಲ್ಲಿ ಆರಂಭವಾದ ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ಇಂದಿಗೂ 'ಪಾಸಿಂಗ್ ಔಟ್ ಪೆರೇಡ್' ನಡೆಯುತ್ತದೆ. ನಮ್ಮ ಕಾಲೇಜಿನ ಮಾತು ಇದಕ್ಕೆ ಹತ್ತಿರದ್ದೇ.

ಆದರೂ ಪರದೇಶದ ಅರ್ಜಿಗೆ 'ಗ್ರಾಜುಯೇಟೆಡ್' ಎಂಬುದೇ ಕ್ಷೇಮ. ಅಪ್ಪಿತಪ್ಪಿ 'ಪಾಸ್ಡ್ ಅವೇ' ಎಂದು ಬರೆದರೋ, ಅರ್ಜಿದಾರನೇ ಕೈಲಾಸವಾಸಿ!