ಮೋಟಾರು ಓಡದ ದ್ವೀಪ: ಹೈಡ್ರಾ

ವಾಹನವೇ ಇಲ್ಲದ ಊರೊಂದು ಈ ಕಾಲದಲ್ಲಿಯೂ ಇರಬಲ್ಲುದೆ? ಗ್ರೀಸ್ ದೇಶದ ಹೈಡ್ರಾ ದ್ವೀಪವನ್ನು ಕಣ್ಣಾರೆ ಕಾಣುವವರೆಗೂ ನಮಗೆ ಈ ಸಂದೇಹವಿತ್ತು.

ಅಥೆನ್ಸ್ ಸಮೀಪದ ಪಿರೇಯಸ್ ಬಂದರಿನಿಂದ ವೇಗದ ಹಡಗಿನಲ್ಲಿ ಹೊರಟ ನಾವು ಎರಡು ಗಂಟೆಯೊಳಗಾಗಿ ಹೈಡ್ರಾ ತಲುಪಿದೆವು. ಅರ್ಧಚಂದ್ರಾಕಾರದ ಬಂದರು, ಅದರ ಹಿಂದೆ ಬೆಟ್ಟದ ಇಳಿಜಾರಿನಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಂತೆ ಕಾಣುವ ಕಲ್ಲಿನ ಮನೆಗಳು. ಸುಮಾರು 2,000 ಜನ ವಾಸಿಸುವ ಈ ದ್ವೀಪದಲ್ಲಿ ಕಾರಿಲ್ಲ, ಮೋಟಾರು ಸೈಕಲ್ಲಿಲ್ಲ, ಬೈಸಿಕಲ್ಲಿಗೂ ಅನುಮತಿಯಿಲ್ಲ. ಕಸ ಸಾಗಿಸುವ ಲಾರಿ, ಅಗ್ನಿಶಾಮಕ ವಾಹನ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿ. ಹಡಗಿನಿಂದಿಳಿದವರನ್ನು ದಡದಲ್ಲಿ ಸಾಲಾಗಿ ನಿಂತ ಹೇಸರಗತ್ತೆಗಳು ಎದುರುಗೊಳ್ಳುತ್ತವೆ.

ಈ ಬೋಳುಬೆಟ್ಟದ ದ್ವೀಪಕ್ಕೆ ಸಿರಿ ಬಂದದ್ದು ಕಡಲಿನಿಂದ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಇಲ್ಲಿಯ ನಾವಿಕರು ಬ್ರಿಟಿಷರ ದಿಗ್ಬಂಧನವನ್ನು ಭೇದಿಸಿ ಧಾನ್ಯ ಸಾಗಿಸಿ ಧನವಂತರಾದರು. 1821ರಲ್ಲಿ ಸ್ವಾತಂತ್ರ್ಯ ಸಂಗ್ರಾಮವು ಆರಂಭವಾದಾಗ ಅದೇ ಧನ, ಅದೇ ಹಡಗುಗಳು ನಾಡಿಗಾಗಿ ಮುಡಿಪಾದವು. ದ್ವೀಪದ ನೌಕಾನಾಯಕ ಆಂದ್ರೆಯಾಸ್ ಮಿಯಾವುಲಿಸನ ಸ್ಮರಣೆಗಾಗಿ ಇಂದಿಗೂ ಪ್ರತಿವರ್ಷ ಜೂನ್ ತಿಂಗಳಲ್ಲಿ ಉತ್ಸವ ನಡೆಯುತ್ತದೆ. ಅಂದಿನ ವರ್ತಕರ ಮಹಲುಗಳು ಇನ್ನೂ ಗಟ್ಟಿಯಾಗಿ ನಿಂತಿವೆ.

ನಮ್ಮ ಬಿಡಾರವಿದ್ದುದು ಬೆಟ್ಟದ ಮೇಲ್ಭಾಗದಲ್ಲಿ. ಮೊಣಕಾಲು ನೋವಿನ ತಾಯಿಯವರನ್ನು ಹೇಸರಗತ್ತೆಯ ಮೇಲೆ ಕೂರಿಸಬೇಕೆಂದು ನಾವು ಮೊದಲೇ ನಿಶ್ಚಯಿಸಿದ್ದೆವು. ಅವರು ಆ ಪ್ರಾಣಿಯ ಮುಖವನ್ನೊಮ್ಮೆ ನೋಡಿ, “ಆ ಮೂಕ ಪ್ರಾಣಿ ಮ್ಯಾಲೆ ನನ್ನ ಭಾರ ಯಾಕ ಹಾಕ್ತೀರಿ? ಸಾವಕಾಶ ನಡದರಾತು” ಎಂದರು. ನಮ್ಮ ಪೆಟ್ಟಿಗೆಗಳನ್ನು ಮಾತ್ರ ಹೇರಿಸಿದೆವು.

ನಾಲ್ಕು ಕಡೆ ಕುಳಿತು ದಣಿವಾರಿಸಿಕೊಂಡು ಮೆಟ್ಟಿಲೇರುತ್ತಿದ್ದ ನಮ್ಮನ್ನು ಸಿಮೆಂಟಿನ ಚೀಲ ಹೊತ್ತ ಹೇಸರಗತ್ತೆಗಳು ದಾಟಿಹೋದವು. ಅವುಗಳ ಏದುಸಿರು ಆ ಓಣಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇಟ್ಟಿಗೆ, ಅಕ್ಕಿ, ಶೀತಪೆಟ್ಟಿಗೆ ಎಲ್ಲವೂ ಹೀಗೆಯೇ ಮೇಲೇರಬೇಕು. ದೂರದಿಂದ ಬರುವ ನಾವು ಮೆಚ್ಚುವ ನಿಶ್ಶಬ್ದದ ಭಾರವನ್ನು ಯಾರೋ ಬೆನ್ನ ಮೇಲೆ ಹೊರುತ್ತಿದ್ದಾರೆ ಎಂಬುದು ಆಗ ಮನವರಿಕೆಯಾಯಿತು. ಇಂತಹ ಪ್ರಾಣಿಗಳ ಮೇಲೆ 100 ಕಿಲೋ ಅಥವಾ ಅದರ ಮೈತೂಕದ ಐದನೆಯ ಒಂದು ಭಾಗ, ಇವುಗಳನ್ನು ಮೀರಿ ಹೇರಬಾರದೆಂದು ಗ್ರೀಸ್ ಸರಕಾರ 2018ರಲ್ಲಿ ನಿಯಮ ಮಾಡಿದೆ. ನಿಯಮವು ಪಾಲನೆಯಾಗುವುದು ಕೊನೆಗೆ ಹೇರುವವರ ಮನಸ್ಸಿನಿಂದಲೇ.

ಆ ಸಂಜೆ ಅಂಗಳದಲ್ಲಿ ಕುಳಿತಾಗ ಬಂದರಿನ ಗಡಿಯಾರದ ಗಂಟೆ, ಮಕ್ಕಳ ಕೇಕೆ, ನೆರೆಮನೆಯ ಮಾತುಗಳು ಬಿಡಿಬಿಡಿಯಾಗಿ ಕೇಳಿಬಂದವು. ಮಗನನ್ನು ಕೈಹಿಡಿದು ರಸ್ತೆ ದಾಟಿಸುವ ಆತಂಕ ನಮಗೆ ಅಲ್ಲಿರಲಿಲ್ಲ. ತಾಯಿಯವರು ಮೊಣಕಾಲಿಗೆ ಎಣ್ಣೆ ಸವರಿಕೊಳ್ಳುತ್ತ, “ನೋವೇನೋ ಐತಿ, ಆದರ ಮನಸ್ಸು ಹಗುರಾತು” ಎಂದರು.

ಮರಳುವ ದಿನ ಪೆಟ್ಟಿಗೆಗಳನ್ನು ನಾವೇ ಹೊತ್ತುಕೊಂಡು ಇಳಿದೆವು. ಅಗತ್ಯಕ್ಕಿಂತ ಎಷ್ಟು ಹೆಚ್ಚು ಸಾಮಾನು ತಂದಿದ್ದೆವೆಂಬುದು ನಮ್ಮ ಹೆಗಲಿಗೆ ಅಂದು ತಿಳಿಯಿತು.