ಆಟ ಆಡಿಸುವುದೂ ಒಂದು ಓದು

ಮಳೆಗಾಲ ಮುಗಿದು ಗದ್ದೆಯ ಕೊಯ್ಲಾಯಿತೆಂದರೆ ನಮ್ಮ ಜಿಲ್ಲೆಯ ಮೂಲೆ ಮೂಲೆಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಬ್ಯಾನರುಗಳು ಏಳುತ್ತವೆ. ಮಂಜೇಶ್ವರದಿಂದ ತೊಡಗಿ ಹೊಸದುರ್ಗದ ತನಕ ಕಲಾ ಮತ್ತು ಕ್ರೀಡಾ ಸಂಘವೊಂದಿಲ್ಲದ ಊರು ವಿರಳ. ಗೆದ್ದ ತಂಡದ ಹೆಸರು ಮರುದಿನ ಪತ್ರಿಕೆಗೆ ಬರುತ್ತದೆ. ಉದ್ಘಾಟಿಸಿದವರ ಹೆಸರೂ ಬರುತ್ತದೆ. ದೀಪದ ಕಂಬ ನಿಲ್ಲಿಸಿ, ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟು, ಮೈಕಿನವನಿಗೆ ಮುಂಗಡ ಕೊಟ್ಟು, ಕೊನೆಗೆ ಬೆಳಗಿನ ಜಾವ ಚಹಾದ ಲೆಕ್ಕ ಬರೆದವನ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ.

ಅಂಥ ಹುಡುಗನೊಬ್ಬ ಈಚೆಗೆ ತನ್ನ ತಂದೆಯ ಜತೆ ನಮ್ಮ ಕಚೇರಿಗೆ ಬಂದಿದ್ದ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟುವಿನಲ್ಲಿ ವಾಣಿಜ್ಯ ವಿಷಯ ತೆಗೆದುಕೊಂಡು ಪಾಸಾದವನು. ಕೈಯಲ್ಲಿ ದೂರದ ನಗರವೊಂದರ ಖಾಸಗಿ ಸಂಸ್ಥೆಯ ಬಣ್ಣದ ಪುಸ್ತಿಕೆ. ಕ್ರೀಡಾ ನಿರ್ವಹಣೆಯಲ್ಲಿ ಮೂರು ವರ್ಷದ ಕಲಿಕೆ, ವಿದೇಶದಲ್ಲಿ ಕೆಲಸ ಎಂದೆಲ್ಲ ಅದರಲ್ಲಿ ಅಚ್ಚಾಗಿತ್ತು. ಮೂರು ದಿನದೊಳಗೆ ಮುಂಗಡ ಕಟ್ಟಬೇಕೆಂದು ಫೋನು ಬಂದಿದೆಯಂತೆ. ತಂದೆ ಮನೆಯಾಕೆಯ ಬಳೆ ಅಡವಿಡುವ ಯೋಚನೆಯಲ್ಲಿದ್ದರು.

"ಇವನಿಗೆ ಆಟದ ಹುಚ್ಚು ಮೊದಲಿಂದಲೂ ಉಂಟು ಮಾರಾಯ್ರೆ. ಆದರೆ ಆಟ ಕಲಿಯಲಿಕ್ಕೂ ಕಾಲೇಜು ಬೇಕಾ?" ಎಂದು ಅವರು ಕೇಳಿದರು.

"ಆಡಲಿಕ್ಕೆ ಅಲ್ಲ ಅಪ್ಪ, ಆಡಿಸಲಿಕ್ಕೆ" ಎಂದ ಹುಡುಗ.

ಹುಡುಗನ ಮಾತು ಸರಿಯಾದುದೇ. ಆದರೆ ತಂದೆಯ ಪ್ರಶ್ನೆ ನಮ್ಮ ಬಹಳ ಮನೆಗಳಲ್ಲಿ ಏಳುವಂಥದ್ದಾದುದರಿಂದ ಇದನ್ನು ಇಲ್ಲಿ ಬರೆಯಬೇಕೆನಿಸಿತು.

ಈ ಓದು ಹುಟ್ಟಿಕೊಂಡದ್ದೇ ಇಂಥ ಒಂದು ಪ್ರಶ್ನೆಯಿಂದ. ಅಮೆರಿಕದ ಬ್ರೂಕ್ಲಿನ್ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡದ ಒಡೆಯ ವಾಲ್ಟರ್ ಓಮ್ಯಾಲಿ 1957ರಲ್ಲಿ ಜೇಮ್ಸ್ ಮೇಸನ್ ಎಂಬ ಅಧ್ಯಾಪಕರಿಗೆ ಒಂದು ಪತ್ರ ಬರೆದರು. ಕ್ರೀಡಾಂಗಣ, ಕುದುರೆ ಪಂದ್ಯದ ಬಯಲು, ಹಿಮದ ಮೇಲೆ ಜಾರುವ ವಿಹಾರಧಾಮ, ನಾಟಕ ಮಂದಿರ ಇವುಗಳನ್ನೆಲ್ಲ ನಡೆಸಲು ಓದಿ ತಯಾರಾದ ಜನ ಎಲ್ಲಿ ಸಿಗುತ್ತಾರೆ ಎಂಬುದು ಅದರ ತಿರುಳು. ಅಂಥವರನ್ನು ತಯಾರಿಸುವ ಕಾಲೇಜು ಆಗ ಬಹಳ ವಿರಳವಾಗಿತ್ತು. ಮೇಸನ್ ಆ ಪತ್ರವನ್ನು ಮರೆಯದೆ 1966ರಲ್ಲಿ ಒಹಾಯೊ ವಿಶ್ವವಿದ್ಯಾನಿಲಯದಲ್ಲಿ ಕ್ರೀಡಾ ಆಡಳಿತದ ಸ್ನಾತಕೋತ್ತರ ತರಗತಿ ತೆರೆದರು. ಪತ್ರದಲ್ಲಿ ಆಟದ ಜತೆಗೆ ಜನರ ಬಿಡುವಿನ ವೇಳೆಯ ವಿಹಾರವೂ ಸೇರಿತ್ತೆಂಬುದನ್ನು ಗಮನಿಸಬೇಕು. ನಮ್ಮ ಬೇಕಲದ ಕಡಲ ತೀರಕ್ಕೆ ರಜಾದಿನ ಬರುವ ಜನಸಂದಣಿಯನ್ನು ಕಂಡವರಿಗೆ ಅದೂ ಒಂದು ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ದಾರಿ ಬೇರೆ ಕಡೆಯಿಂದ ಬಂತು. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದ ಮ್ಯಾನೇಜರರೂ ಅವರೇ. ಸ್ವಾತಂತ್ರ್ಯ ಬಂದ ಮೇಲೆ, 1857ರ ಸಂಗ್ರಾಮದ ನೂರನೆಯ ವರ್ಷವಾದ 1957ರಲ್ಲಿ, ಝಾನ್ಸಿ ರಾಣಿಯ ಹೆಸರಿನಲ್ಲಿ ಗ್ವಾಲಿಯರಿನ ಕಾಲೇಜು ಶುರುವಾಯಿತು. ಅದೇ ಹೆಸರಿನ ಇನ್ನೊಂದು ರಾಷ್ಟ್ರೀಯ ಕಾಲೇಜು 1985ರಿಂದ ನಮ್ಮದೇ ರಾಜ್ಯದ ತಿರುವನಂತಪುರ ಸಮೀಪದ ಕಾರ್ಯವಟ್ಟಂನಲ್ಲಿದೆ. ಇವೆಲ್ಲ ಹೆಚ್ಚಾಗಿ ಶಾಲೆಗಳ ವ್ಯಾಯಾಮ ಶಿಕ್ಷಕರನ್ನು ತಯಾರಿಸಿದವು. ಆಟವನ್ನು 'ನಡೆಸುವ' ವಿದ್ಯೆ ಅದರೊಳಗೆ ಒಂದು ಪತ್ರಿಕೆಯಾಗಿ ಅಡಗಿತ್ತು. ಬೇರೆ ಓದಾಗಿ ನಿಂತದ್ದು ಈಚಿನ ಸಂಗತಿ.

ಆ ವಿದ್ಯೆಯೆಂದರೆ ಏನು? ಹುಡುಗನೊಡನೆ ಕೂತು ಅವನ ಸಂಘದ ಪಂದ್ಯಾಟವನ್ನೇ ಲೆಕ್ಕ ಹಾಕಿದೆವು. 11 ತಂಡ ಬಂದಿವೆ ಎನ್ನೋಣ. ಸೋತವರು ಹೊರಗೆ ಎಂಬ ಪದ್ಧತಿಯಾದರೆ 11ರ ಮೇಲಿನ 16ರಿಂದ 11 ಕಳೆದು 5 ತಂಡಗಳಿಗೆ ಮೊದಲ ಸುತ್ತಿನಲ್ಲಿ ಆಟವಿಲ್ಲದೆ ದಾಟುವ ಅವಕಾಶ. ಉಳಿದ 6 ತಂಡಗಳಿಗೆ 3 ಪಂದ್ಯ. ಎರಡನೆಯ ಸುತ್ತಿಗೆ ಸರಿಯಾಗಿ 8 ತಂಡ. ಒಟ್ಟು ಪಂದ್ಯ 10. ಪುರುಷರ ಕಬಡ್ಡಿ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಒಂದು ಪಂದ್ಯಕ್ಕೆ 45 ನಿಮಿಷ ಹಿಡಿದರೆ ಒಂದೇ ಅಂಕಣದಲ್ಲಿ ಏಳೂವರೆ ಗಂಟೆ. ರಾತ್ರಿ 8ಕ್ಕೆ ಶುರುವಾದರೆ ಮುಗಿಯುವುದು ಬೆಳಗಿನ ಮೂರೂವರೆಗೆ, ಅದೂ ಭಾಷಣಗಳಿಲ್ಲದಿದ್ದರೆ. ಎಲ್ಲರೂ ಎಲ್ಲರೊಡನೆ ಆಡಲೆಂದರೆ 55 ಪಂದ್ಯ, 41 ಗಂಟೆಗೂ ಮಿಕ್ಕಿ! ಹುಡುಗ ನಕ್ಕ. ಹಿಂದಿನ ವರ್ಷ ಫೈನಲು ಶುರುವಾಗುವಾಗ ಸೂರ್ಯೋದಯವಾಗಿತ್ತಂತೆ. ಆ ತಪ್ಪು ಆಟಗಾರರದಲ್ಲ, ಕಾಗದದ ಮೇಲೆ ಆದದ್ದು.

ಹೊತ್ತು ತಪ್ಪಿದರೆ ನಿದ್ದೆ ಕೆಟ್ಟೀತು, ಅಷ್ಟೆ. ಆದರೆ ಜನರನ್ನು ಸಂಭಾಳಿಸುವ ಲೆಕ್ಕ ತಪ್ಪಿದರೆ? 2021ರ ಮಾರ್ಚಿನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿಯ ವೇಳೆ ಗ್ಯಾಲರಿ ಕುಸಿಯಿತು. ಮರುವರ್ಷ ಮಾರ್ಚಿನಲ್ಲಿ ನಮ್ಮ ಮಲಪ್ಪುರಂ ಜಿಲ್ಲೆಯ ಫುಟ್ಬಾಲ್ ಪಂದ್ಯಾಟವೊಂದರಲ್ಲಿ ತಾತ್ಕಾಲಿಕ ಗ್ಯಾಲರಿ ಕುಸಿಯಿತು. ಎರಡೂ ಕಡೆ ಬಹಳ ಮಂದಿ ಗಾಯಗೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವ ನೋಡಲು ಬಂದ 11 ಜನ ನೂಕುನುಗ್ಗಲಿನಲ್ಲಿ ಪ್ರಾಣ ಕಳೆದುಕೊಂಡರು. ಅಂದು ಅಲ್ಲಿ ಪಂದ್ಯವೇ ಇರಲಿಲ್ಲ. ಎಷ್ಟು ಜನ ಬಂದಾರು, ಎಷ್ಟು ಬಾಗಿಲು ಬೇಕು, ಯಾವ ಹೊತ್ತಿಗೆ ತೆರೆಯಬೇಕು, ಆಂಬ್ಯುಲೆನ್ಸಿಗೆ ದಾರಿ ಯಾವುದು ಎಂಬುದು ಕ್ರೀಡಾ ನಿರ್ವಹಣೆಯ ತರಗತಿಯ ಪಾಠ. ಅಡಿಕೆ ಮರ ಕಟ್ಟಿ ಗ್ಯಾಲರಿ ಎಬ್ಬಿಸುವ ನಮ್ಮೂರ ಸಂಘಗಳಿಗೂ ಅದು ಬೇಕಾದ ಪಾಠವೇ.

ಇನ್ನು ತಂದೆಯವರ ಮುಖ್ಯ ಚಿಂತೆ: ಕಲಿತ ಮೇಲೆ ಏನು? ಇಲ್ಲಿಯೇ ಹೆಚ್ಚಿನವರು ಎಡವುವುದು. ಮೂರು ಬೇರೆ ಬೇರೆ ಬಾಗಿಲುಗಳಿವೆ. ಹೆಸರು ಕೇಳಲು ಒಂದೇ ತರ.

ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಬೇಕಿದ್ದರೆ ಬಿ.ಪಿ.ಎಡ್. ಬೇಕು. ಸಾಮಾನ್ಯವಾಗಿ ಪದವಿಯ ಮೇಲೆ ಎರಡು ವರ್ಷ, ಪ್ರವೇಶಕ್ಕೆ ಓಟ ಜಿಗಿತದ ಪರೀಕ್ಷೆಯೂ ಉಂಟು. ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ ಮಾನ್ಯತೆ ಇರಲೇಬೇಕು. ಕಣ್ಣೂರು ವಿಶ್ವವಿದ್ಯಾನಿಲಯದ ಮಾಂಙಾಟ್ಟುಪರಂಬ ಕ್ಯಾಂಪಸ್ಸಿನಲ್ಲಿ ದೈಹಿಕ ಶಿಕ್ಷಣದ ವಿಭಾಗವಿದೆ. ಕೋಝಿಕ್ಕೋಡಿನಲ್ಲಿ ಸರಕಾರಿ ಕಾಲೇಜಿದೆ. ತರಬೇತುದಾರನಾಗಬೇಕಿದ್ದರೆ ದಾರಿ ಪಟಿಯಾಲಕ್ಕೆ. 1961ರಲ್ಲಿ ಅಲ್ಲಿನ ಮೋತಿಬಾಗ್ ಅರಮನೆಯಲ್ಲಿ ತೊಡಗಿದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಕ್ಕೆ ದೇಶದಲ್ಲೆಲ್ಲ ಬೆಲೆಯಿದೆ. ಅದಕ್ಕೆ ಆಟದಲ್ಲಿ ಸಾಧನೆ ಮೊದಲು ಬೇಕು.

ಮೂರನೆಯದು ನಿರ್ವಹಣೆ. ಇದಕ್ಕೆ ಚಿನ್ನದ ಪದಕ ಬೇಡ. ಲೆಕ್ಕಪತ್ರ, ಕಾನೂನು, ಪ್ರಾಯೋಜಕರೊಡನೆ ಕರಾರು, ಮೈದಾನದ ಆರೈಕೆ, ಜನರೊಡನೆ ಮಾತು ಇವಿಷ್ಟರಲ್ಲಿ ಮನಸ್ಸಿರಬೇಕು. ಕೊಲ್ಕತ್ತಾದ ಸಮಾಜ ಕಲ್ಯಾಣ ಮತ್ತು ವ್ಯವಹಾರ ನಿರ್ವಹಣಾ ಸಂಸ್ಥೆ ಪದವೀಧರರಿಗೆ ಈ ವಿಷಯದಲ್ಲಿ ಡಿಪ್ಲೊಮಾ ಕೊಡುತ್ತ ಬಂದಿದೆ. ಚೆನ್ನೈಯಲ್ಲಿ ತಮಿಳುನಾಡು ಸರಕಾರದ್ದೇ ಕ್ರೀಡಾ ವಿಶ್ವವಿದ್ಯಾನಿಲಯವಿದೆ. 2014ರಲ್ಲಿ ಪ್ರೊ ಕಬಡ್ಡಿಯೂ ಇಂಡಿಯನ್ ಸೂಪರ್ ಲೀಗ್ ಫುಟ್ಬಾಲೂ ಶುರುವಾದ ಮೇಲೆ ತಂಡದ ಪ್ರಯಾಣ, ಟಿಕೇಟು, ಪ್ರಚಾರ ನೋಡಿಕೊಳ್ಳುವವರಿಗೆ ಕೆಲಸ ಹುಟ್ಟಿದೆ. ಆದರೆ ಅದು ಋತುವಿನ ಕೆಲಸ. ಸರಕಾರಿ ಸಂಬಳದ ನಿಶ್ಚಿಂತೆ ಅಲ್ಲಿಲ್ಲ. ಹೆಸರಾಂತ ಆಟಗಾರನಿಗೆ ಬಾಗಿಲು ತಾನಾಗಿ ತೆರೆಯುವುದೂ ಉಂಟು. ನಮ್ಮ ಕುಂಬಳೆಯ ಮೂಲದ ಅನಿಲ್ ಕುಂಬ್ಳೆ ಓದಿದ್ದು ಇಂಜಿನಿಯರಿಂಗ್, 2010ರಲ್ಲಿ ಕರ್ನಾಟಕ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. ಎಲ್ಲರೂ ಕುಂಬ್ಳೆಯಾಗುವುದಿಲ್ಲವಲ್ಲ!

ಮುಖ್ಯವಾಗಿ ತಿಳಿಯಬೇಕಾದುದು ಇಷ್ಟು: ನಿರ್ವಹಣೆಯ ಡಿಪ್ಲೊಮಾ ಹಿಡಿದು ಶಾಲೆಯ ದೈಹಿಕ ಶಿಕ್ಷಕನ ಹುದ್ದೆಗೆ ಅರ್ಜಿ ಹಾಕಲಾಗದು. ಆ ಬಣ್ಣದ ಪುಸ್ತಿಕೆಯಲ್ಲಿ 'ಶಾಲೆಗಳಲ್ಲಿಯೂ ಅವಕಾಶ' ಎಂಬ ಸಾಲಿತ್ತು. ಪದವಿಯನ್ನು ಯಾವ ವಿಶ್ವವಿದ್ಯಾನಿಲಯ ಕೊಡುತ್ತದೆ ಎಂದು ಹುಡುಕಿದರೆ ಎಲ್ಲಿಯೂ ಕಾಣಲಿಲ್ಲ. ಅಲ್ಲಿಂದಲೇ ಫೋನು ಮಾಡಿಸಿದೆವು. "ಮೊದಲು ಸೀಟು ಖಚಿತ ಮಾಡಿ, ಆಮೇಲೆ ಹೇಳುತ್ತೇವೆ" ಎಂಬ ಉತ್ತರ ಬಂತು. ತಂದೆ ಮಗನ ಮುಖ ನೋಡಿದರು. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮಗೂ ಕಸಿವಿಸಿಯಾಯಿತು, ಆಸೆ ಇಟ್ಟುಕೊಂಡು ಬಂದ ಮಗುವಿನೆದುರು ಇಂಥ ಫೋನು ಮಾಡಿಸುವುದು ಸುಖದ ಕೆಲಸವಲ್ಲ.

ಕನ್ನಡದಲ್ಲಿ ಓದಿದವನಿಗೆ ಕಷ್ಟವಾಗದೇ ಎಂದು ತಂದೆ ಕೇಳಿದರು. ಕಷ್ಟವಿದೆ. ಪಠ್ಯ ಇಂಗ್ಲಿಷಿನದು, ಕಣ್ಣೂರಿನಲ್ಲಿ ಗೆಳೆಯರ ಮಾತು ಮಲಯಾಳ. ಮೊದಲ ಆರು ತಿಂಗಳು ಹುಡುಗರು ಬಾಯಿ ಬಿಡುವುದಿಲ್ಲವೆಂದು ಅಲ್ಲಿಗೆ ಹೋಗಿಬಂದವರು ಹೇಳುತ್ತಾರೆ. ಮಂಜೇಶ್ವರ ಕಡೆಯವರಿಗೆ ಮಂಗಳಗಂಗೋತ್ರಿ ಹತ್ತಿರ. ಅಲ್ಲಿ ದೈಹಿಕ ಶಿಕ್ಷಣದ ಸ್ನಾತಕೋತ್ತರ ವಿಭಾಗವಿದೆ. ಕರ್ನಾಟಕದಲ್ಲಿ ಓದುವುದಾದರೆ ಗಡಿನಾಡ ಕನ್ನಡಿಗರಿಗೆ ಆ ಕಲಿಕೆಯಲ್ಲಿ ಸೀಟು ಮೀಸಲಿದೆಯೇ ಎಂದು ಮೊದಲೇ ಕೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಸರ್ಟಿಫಿಕೇಟನ್ನು ಶಾಲೆಯಿಂದ ಈಗಲೇ ತೆಗೆದಿಡುವುದು ಲೇಸು. ಹಾಗೆಂದು ಭಾಷೆ ಬರಿಯ ತೊಡಕೂ ಅಲ್ಲ. ಈ ಹುಡುಗ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತಿನಲ್ಲಿ ಮಲಯಾಳ ಆಡುತ್ತಾನೆ. ಮೂರು ಕಡೆಯ ತಂಡಗಳನ್ನು ಕರೆದು, ಮಧ್ಯರಾತ್ರಿ ಎದ್ದ ಜಗಳವನ್ನು ಮೂರು ಭಾಷೆಯಲ್ಲಿ ತಣಿಸಿದವನು. ಅದನ್ನು ಯಾವ ತರಗತಿಯೂ ಕಲಿಸಲಾರದು.

ಬಳೆ ಸದ್ಯ ಮನೆಯಲ್ಲೇ ಉಳಿದಿದೆ. ಹುಡುಗ ಹತ್ತಿರದ ಕಾಲೇಜಿನಲ್ಲಿ ವಾಣಿಜ್ಯ ಪದವಿಗೆ ಸೇರುತ್ತಾನೆ, ಅದು ಮುಗಿದ ಮೇಲೆ ನಿರ್ವಹಣೆಯ ಓದಿಗೆ ಪ್ರಯತ್ನಿಸುತ್ತಾನೆ ಎಂಬುದು ಅಂದಿನ ತೀರ್ಮಾನ. ಹೋಗುವಾಗ ತಂದೆ, ಮಾಂಙಾಟ್ಟುಪರಂಬಕ್ಕೆ ಬಸ್ಸಿನಲ್ಲಿ ಎಲ್ಲಿ ಇಳಿಯಬೇಕೆಂದು ಕೇಳಿದರು. ಒಮ್ಮೆ ಆ ಮೈದಾನ ನೋಡಿ ಬರುವರಂತೆ. ತಳಿಪರಂಬ ದಾಟಿ ಧರ್ಮಶಾಲೆಯಲ್ಲಿ ಇಳಿಯಿರಿ ಎಂದೆವು. ಮಗ ನಮ್ಮ ಮೇಜಿನ ಮೇಲಿದ್ದ ಪಂದ್ಯಗಳ ಪಟ್ಟಿಯ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಈ ವರ್ಷ ಅವರ ಸಂಘದ ಫೈನಲು ಬೆಳಗಿನ ಮೂರು ಗಂಟೆಯೊಳಗೆ ನಡೆಯುತ್ತದಂತೆ. ನಮ್ಮನ್ನೂ ಕರೆದಿದ್ದಾನೆ, ಭಾಷಣ ಮಾತ್ರ ಇಲ್ಲವೆಂದು ಹೇಳಿಯೇ.