ಮಗಳ ಯುಸಿ ಸೀಟು: ನಾವು ಹಾಕಿದ ಲೆಕ್ಕ, ತಪ್ಪಿದ ಲೆಕ್ಕ

ಅಕ್ಟೋಬರ್ ಬಂತೆಂದರೆ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಬೇ ಏರಿಯಾದ ಮನೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ನಮ್ಮ ರಾಜ್ಯದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅರ್ಜಿ ಸಲ್ಲಿಸುವ ಕಾಲ ಅದು. ಎರಡು ವರ್ಷದ ಹಿಂದೆ ನಮ್ಮ ಮನೆಯ ಸರದಿ ಬಂತು.

"ಅಪ್ಪಾ, ನೀನು ಅಕೌಂಟೆಂಟ್ ತಾನೇ? ನನಗೆ ಸಿಗೋ ಚಾನ್ಸ್ ಎಷ್ಟು ಪರ್ಸೆಂಟ್, ಲೆಕ್ಕ ಹಾಕಿ ಹೇಳು" ಅಂದಳು ಮಗಳು. ನಾವು ಬಿ.ಕಾಂ. ಓದಿ, ಇಪ್ಪತ್ತು ವರ್ಷದಿಂದ ಲೆಕ್ಕ ಬರೆದೇ ಅನ್ನ ತಿನ್ನುತ್ತಿರುವವರು. ಕೇಳಿದ ಮೇಲೆ ಬಿಡುವುದುಂಟೇ? ಅವತ್ತು ರಾತ್ರಿಯೇ ಎಕ್ಸೆಲ್ ತೆರೆದು ಕೂತೆವು.

ಅವಳಿಗೆ ಬೇಕಿದ್ದುದು ಕಂಪ್ಯೂಟರ್ ಸೈನ್ಸ್. ಪದವಿ ಕೊಡುವ ಒಂಬತ್ತು ಕ್ಯಾಂಪಸ್‌ಗಳಲ್ಲಿ ಐದನ್ನು ಆರಿಸಿಕೊಂಡಿದ್ದಳು. ಪ್ರಕಟವಾದ ಅಂಕಿಗಳ ಪ್ರಕಾರ ಯುಸಿಎಲ್‌ಎಯಲ್ಲಿ ನೂರು ಅರ್ಜಿಗೆ ಸುಮಾರು 9 ಜನಕ್ಕೆ ಸೀಟು, ಬರ್ಕ್ಲಿಯಲ್ಲಿ 11ರ ಆಸುಪಾಸು. ಸ್ಯಾನ್ ಡಿಯಾಗೊ, ಅರ್ವೈನ್, ಸಾಂಟಾ ಬಾರ್ಬರಾ ಮೂರಕ್ಕೂ ಹೆಚ್ಚು ಕಡಿಮೆ ಕಾಲು ಭಾಗ. ಐದೂ ಕಡೆ ಸಿಗದೇ ಹೋಗುವ ಸಾಧ್ಯತೆಗಳನ್ನು ಒಂದಕ್ಕೊಂದು ಗುಣಿಸಿ ನೂರರಲ್ಲಿ ಕಳೆದೆವು. 66 ಬಂತು. "ಐದರಲ್ಲಿ ಒಂದಾದರೂ ಸಿಗೋ ಚಾನ್ಸ್ 66 ಪರ್ಸೆಂಟ್ ಪುಟ್ಟಿ, ನಿನ್ನ ಮಾರ್ಕ್ಸ್ ನೋಡಿದರೆ ಇನ್ನೂ ಜಾಸ್ತೀನೇ" ಅಂತ ಹೇಳಿ ಹೆಮ್ಮೆಯಿಂದ ಲ್ಯಾಪ್‌ಟಾಪ್ ಮುಚ್ಚಿದೆವು.

ಮಾರ್ಚ್‌ನಲ್ಲಿ ಒಂದೊಂದಾಗಿ ಫಲಿತಾಂಶ ಬಂತು. ಐದಕ್ಕೆ ಐದೂ ಇಲ್ಲ. ಕೊನೆಯದು ಬಂದ ಸಂಜೆ ಮಗಳು ಅಳಲಿಲ್ಲ. "66 ಅಂದಿದ್ದೆ ಅಲ್ವಾ ಅಪ್ಪಾ" ಅಂದಳು, ರೂಮಿಗೆ ಹೋದಳು. ಸೀಟು ಹೋದದ್ದಕ್ಕಿಂತ ಆ ಮಾತು ನಮ್ಮನ್ನು ಜಾಸ್ತಿ ಚುಚ್ಚಿತು. ಅದಾದ ಮೇಲೆ ಹಳೆಯ ಎಕ್ಸೆಲ್ ತೆಗೆದು, ಆಡಿಟ್ ಮಾಡುವ ಹಾಗೆ ಸಾಲು ಸಾಲಾಗಿ ನೋಡಿದೆವು.

ಮೊದಲ ತಪ್ಪು ಗುಣಾಕಾರದಲ್ಲೇ ಇತ್ತು. ನಾಣ್ಯ ಐದು ಸಲ ಚಿಮ್ಮಿದರೆ ಒಂದೊಂದು ಸಲವೂ ಬೇರೆ ಬೇರೆ. ಅರ್ಜಿ ಹಾಗಲ್ಲ. ಐದೂ ಕ್ಯಾಂಪಸ್‌ಗೆ ಹೋಗುವುದು ಒಂದೇ ಅರ್ಜಿ, ಅವೇ ಗ್ರೇಡು, ಅವೇ ನಾಲ್ಕು ಪ್ರಬಂಧ. ಒಂದೇ ಜಾತಕವನ್ನು ಐದು ಮನೆಗೆ ಕಳಿಸಿದ ಹಾಗೆ. ಕುಜದೋಷ ಇದೆ ಅಂತ ಒಬ್ಬರು ಬೇಡ ಅಂದರೆ, ಉಳಿದ ನಾಲ್ವರೂ ಅದೇ ಕಾರಣಕ್ಕೆ ಬೇಡ ಅನ್ನುವ ಸಂಭವವೇ ಹೆಚ್ಚು. ಹಾಗಾಗಿ ಅರ್ಜಿ ಜಾಸ್ತಿ ಹಾಕಿದಷ್ಟೂ ಚಾನ್ಸ್ ಅಷ್ಟೇ ಪಾಲು ಏರುವುದಿಲ್ಲ. ಕ್ಯಾಂಪಸ್ಸಿಗೆ 80 ಡಾಲರ್ ಮಾತ್ರ ತಪ್ಪದೆ ಏರುತ್ತದೆ.

ಎರಡನೆಯದು ಇನ್ನೂ ದೊಡ್ಡ ತಪ್ಪು. ನಾವು ತೆಗೆದುಕೊಂಡದ್ದು ಇಡೀ ಕ್ಯಾಂಪಸ್ಸಿನ ಸರಾಸರಿ. ಯುಸಿಎಲ್‌ಎಯಲ್ಲಿ ಲೆಟರ್ಸ್ ಅಂಡ್ ಸೈನ್ಸ್ ಕಾಲೇಜಿಗೆ ಹಾಕಿದರೆ ಯಾವ ಮೇಜರ್ ಎನ್ನುವುದನ್ನು ಆಯ್ಕೆಗೆ ಪರಿಗಣಿಸುವುದಿಲ್ಲ. ಆದರೆ ಕಂಪ್ಯೂಟರ್ ಸೈನ್ಸ್ ಇರುವುದು ಎಂಜಿನಿಯರಿಂಗ್‌ನಲ್ಲಿ, ಅಲ್ಲಿ ಮೇಜರ್ ನೋಡಿಯೇ ತೆಗೆದುಕೊಳ್ಳುವುದು. ನಮ್ಮವರ ಮಕ್ಕಳೆಲ್ಲ ಮುಗಿಬೀಳುವ ಆ ಬಾಗಿಲಲ್ಲಿ ಶೇಕಡಾವಾರು ಕ್ಯಾಂಪಸ್ ಸರಾಸರಿಗಿಂತ ಬಹಳ ಕೆಳಗಿರುತ್ತದೆ. "ಯಾವುದಾದರೂ ಸುಲಭದ ಮೇಜರ್‌ನಲ್ಲಿ ಒಳಗೆ ಹೋಗಿ, ಆಮೇಲೆ ಬದಲಾಯಿಸ್ಕೊಂಡರಾಯ್ತು" ಅಂತ ಪಾರ್ಟಿಗಳಲ್ಲಿ ಸಲಹೆ ಕೊಡುವವರು ಬಹಳ. ಬರ್ಕ್ಲಿಯಲ್ಲಿ 2023ರಿಂದ ಕಂಪ್ಯೂಟರ್ ಸೈನ್ಸ್‌ಗೆ ಮೊದಲ ವರ್ಷವೇ ನೇರ ಆಯ್ಕೆ ಆಗಿರಬೇಕು. ಒಳಗೆ ಹೋದ ಮೇಲೆ ಬದಲಾಯಿಸುವುದು ಬಲು ಕಷ್ಟ. ಆ ಸಲಹೆ ನಂಬಿ ಇಷ್ಟವಿಲ್ಲದ ವಿಷಯಕ್ಕೆ ಮಗುವನ್ನು ಕಳಿಸಬೇಡಿ.

ನಮ್ಮ ತಲೆಯಲ್ಲಿ ಕೂತಿದ್ದುದು ಊರಿನ ಸಿಇಟಿ. ನಮ್ಮ ಗೆಳೆಯರು ಮಲ್ಲೇಶ್ವರದ ಹದಿನೆಂಟನೇ ಕ್ರಾಸಿಗೆ ಕೌನ್ಸೆಲಿಂಗ್‌ಗೆ ಹೋಗುವಾಗ ಹೋದ ವರ್ಷ ಯಾವ ಕಾಲೇಜು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಪಟ್ಟಿ ಕೈಯಲ್ಲಿರುತ್ತಿತ್ತು. ರ‍್ಯಾಂಕ್ ಗೊತ್ತಾದರೆ ಸೀಟು ಹೆಚ್ಚು ಕಡಿಮೆ ಗೊತ್ತಾದಂತೆ. ಇಲ್ಲಿ ಆ ಗೆರೆಯೇ ಇಲ್ಲ. ಎಸ್‌ಎಟಿ ಅಂಕವನ್ನು ಯುಸಿ ಆಯ್ಕೆಗೆ ನೋಡುವುದೇ ಇಲ್ಲ. ಜಿಪಿಎ ಕೂಡ ಶಾಲೆಯ ಕಾರ್ಡಿನಲ್ಲಿ ಇದ್ದ ಹಾಗೆ ಅಲ್ಲ: ಹತ್ತು ಮತ್ತು ಹನ್ನೊಂದನೇ ತರಗತಿಯ ಗ್ರೇಡುಗಳನ್ನು ಮಾತ್ರ ಹಿಡಿದು, ಎ.ಪಿ., ಆನರ್ಸ್ ಕೋರ್ಸುಗಳ ಹೆಚ್ಚುವರಿ ಅಂಕವನ್ನು ಎಂಟು ಸೆಮಿಸ್ಟರಿಗೆ ಮಿತಿ ಮಾಡಿ ಲೆಕ್ಕ ಹಾಕುತ್ತಾರೆ. ಜೊತೆಗೆ, ನಿಮ್ಮ ಶಾಲೆಯಲ್ಲಿ ಇದ್ದ ಅವಕಾಶವನ್ನು ಮಗು ಎಷ್ಟು ಬಳಸಿಕೊಂಡಿತು ಎಂದು ನೋಡುತ್ತಾರೆ. ಒಳ್ಳೆ ಸ್ಕೂಲ್ ಡಿಸ್ಟ್ರಿಕ್ಟ್ ಅಂತ ಎರಡರಷ್ಟು ಬಾಡಿಗೆ ಕೊಟ್ಟು ಬಂದಿರುತ್ತೇವೆ. ಅಲ್ಲಿ ನೋಡಿದರೆ ಇಡೀ ಕ್ಲಾಸೇ ಟಾಪರ್‌ಗಳ ಸಂತೆ! ಶಾಲೆಯ ಮೊದಲ ನೂರಕ್ಕೆ ಒಂಬತ್ತರಲ್ಲಿ ಬಂದವರಿಗೆ ಯುಸಿ ಒಂದು ಭರವಸೆ ಕೊಡುತ್ತದೆ. ಕೇಳಿದ ಕ್ಯಾಂಪಸ್ ಯಾವುದೂ ಸಿಗದಿದ್ದರೆ, ಜಾಗ ಇರುವ ಬೇರೆ ಕ್ಯಾಂಪಸ್ಸಿನಲ್ಲಿ ಸೀಟು. ಆದರೆ ನಮ್ಮಂಥ ಶಾಲೆಗಳಲ್ಲಿ ಆ ಒಂಬತ್ತರೊಳಗೆ ಬರುವುದೇ ಒಂದು ಪರೀಕ್ಷೆ.

ಈಗ ಯಾರಾದರೂ ಕೇಳಿದರೆ ನಾವು ಬೇರೆ ಥರ ಲೆಕ್ಕ ಮಾಡುತ್ತೇವೆ. ಯಾವ ಹೈಸ್ಕೂಲಿನಿಂದ ಯಾವ ಕ್ಯಾಂಪಸ್ಸಿಗೆ ಎಷ್ಟು ಅರ್ಜಿ, ಎಷ್ಟು ಆಯ್ಕೆ ಎಂಬ ಪಟ್ಟಿಯನ್ನು ಯುಸಿಯೇ ಪ್ರತಿ ವರ್ಷ ಪ್ರಕಟಿಸುತ್ತದೆ. ನಿಮ್ಮ ಶಾಲೆಯ ಮೂರು ವರ್ಷದ ಅಂಕಿ ಬರೆದುಕೊಳ್ಳಿ. 200 ಅರ್ಜಿಗೆ 24 ಸೀಟು ಅಂದರೆ ನಿಮ್ಮ ಲೆಕ್ಕ ಶುರುವಾಗುವುದು 12ರಿಂದ. ಆಯ್ಕೆಯಾದವರ ಸರಾಸರಿ ಜಿಪಿಎಗಿಂತ ನಿಮ್ಮ ಮಗು ಮೇಲೋ ಕೆಳಗೋ ನೋಡಿ. ಕಂಪ್ಯೂಟರ್ ಸೈನ್ಸ್ ಆದರೆ ಇನ್ನೂ ಕೆಳಗಿಳಿಸಿ.

ಆಮೇಲೆ ಪರ್ಸೆಂಟ್ ಅಳಿಸಿಬಿಡಿ. ನಮ್ಮ ಅಕೌಂಟ್ಸ್‌ನಲ್ಲಿ ಬರಬೇಕಾದ ಬಾಕಿಯನ್ನು ಖಂಡಿತ ಬರುವುದು, ಬಂದರೂ ಬರಬಹುದು, ಬರುವುದು ಸಂಶಯ ಅಂತ ವಿಂಗಡಿಸುತ್ತೇವೆ. ಸಂಶಯದ ಬಾಕಿ ನಂಬಿಕೊಂಡು ಯಾರೂ ಮನೆ ಕಟ್ಟುವುದಿಲ್ಲ. ಕ್ಯಾಂಪಸ್‌ಗಳಿಗೂ ಇದೇ ಮೂರು ಕಾಲಂ ಸಾಕು. ಯುಸಿಎಲ್‌ಎ, ಬರ್ಕ್ಲಿ ಎಂಥ ಜಾಣ ಮಗುವಿಗೂ ಸಂಶಯದ ಕಾಲಮ್ಮೇ. ಖಂಡಿತದ ಕಾಲಂನಲ್ಲಿ ಮಗು ಮನಸ್ಸಿಟ್ಟು ಹೋಗಬಲ್ಲ ಒಂದೆರಡು ಹೆಸರು ಇರಲೇಬೇಕು, ಸುಮ್ಮನೆ ತುಂಬಿಸಿದ್ದಲ್ಲ. ನಮ್ಮ ಪಟ್ಟಿಯಲ್ಲಿ ಆ ಕಾಲಮ್ಮೇ ಇರಲಿಲ್ಲ. ಮನೆಯವರು ಕೊನೇ ವಾರದಲ್ಲಿ "160 ಡಾಲರ್ ತಾನೇ, ಇರಲಿ ಬಿಡಿ" ಅಂತ ಸಾಂಟಾ ಕ್ರೂಜ್, ರಿವರ್‌ಸೈಡ್ ಎರಡನ್ನೂ ಸೇರಿಸಿದರು. ಆಗ ನಾವು ಗೊಣಗಿದ್ದೆವು.

ಇನ್ನೊಂದು ದಾರಿಯನ್ನು ನಮ್ಮವರು ಮರ್ಯಾದೆಗೆ ಅಂಜಿ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ವರ್ಷ ಕಮ್ಯೂನಿಟಿ ಕಾಲೇಜಿನಲ್ಲಿ ಓದಿ, ಹೇಳಿದ ಕೋರ್ಸು, ಹೇಳಿದ ಜಿಪಿಎ ತಂದರೆ ಡೇವಿಸ್, ಅರ್ವೈನ್, ಸಾಂಟಾ ಬಾರ್ಬರಾ ಸೇರಿ ಆರು ಕ್ಯಾಂಪಸ್‌ಗಳು ಮುಂಚೆಯೇ ಸೀಟಿನ ಖಾತ್ರಿ ಕೊಡುತ್ತವೆ. ಕಂಪ್ಯೂಟರ್ ಸೈನ್ಸ್‌ನಂಥ ಕೆಲವು ಮೇಜರ್‌ಗಳನ್ನು ಕೆಲವು ಕಡೆ ಹೊರಗಿಟ್ಟಿರುತ್ತಾರೆ, ಪಟ್ಟಿ ನೋಡಿಕೊಳ್ಳಿ.

ದುಡ್ಡಿನ ಮಾತೂ ಇದೆ. ಹೊರ ರಾಜ್ಯದವರೆಂದು ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ 30,000 ಡಾಲರಿಗೂ ಮಿಕ್ಕಿ ಹೆಚ್ಚುವರಿ ಶುಲ್ಕ. ಎಚ್-1ಬಿ, ಎಚ್-4ನಲ್ಲಿ ಇರುವವರೂ ಒಂದು ವರ್ಷಕ್ಕೆ ಮೇಲ್ಪಟ್ಟು ಇಲ್ಲಿ ನೆಲೆಸಿರುವ ದಾಖಲೆ ತೋರಿಸಿ ರಾಜ್ಯದ ನಿವಾಸಿ ಆಗಬಹುದು. ತೆರಿಗೆ ರಿಟರ್ನ್, ಬಾಡಿಗೆ ಕರಾರು, ಲೈಸೆನ್ಸ್ ಒಂದು ಫೈಲಿನಲ್ಲಿ ಇಡಿ. ಆದರೆ ಎಚ್-4 ಮಕ್ಕಳಿಗೆ ಕೇಂದ್ರ ಸರ್ಕಾರದ ಸಹಾಯಧನ ಸಿಗುವುದಿಲ್ಲ. 21 ತುಂಬಿದರೆ ಆ ವೀಸಾವೂ ಮುಗಿಯುತ್ತದೆ. ಚಾನ್ಸ್ ಕೇಳುವ ಮುಂಚೆ ಹುಟ್ಟಿದ ತಾರೀಖು ನೋಡಿ.

ನಮ್ಮ ಮಗಳು ಈಗ ರಿವರ್‌ಸೈಡ್‌ನಲ್ಲಿ ಕಂಪ್ಯೂಟರ್ ಸೈನ್ಸೇ ಓದುತ್ತಿದ್ದಾಳೆ. ಕಾರಿನಲ್ಲಿ ಆರೇಳು ಗಂಟೆ ದಾರಿ. ಹೋಗುವಾಗ ಚಟ್ನಿಪುಡಿ, ಬರುವಾಗ ಒಗೆಯುವ ಬಟ್ಟೆ. ತಮ್ಮ ಈಗ ಹನ್ನೊಂದನೇ ಕ್ಲಾಸು. ಹೋದ ವಾರ ಫೋನಿನಲ್ಲಿ ಅವನಿಗೆ ಅವಳೇ ಹೇಳುತ್ತಿದ್ದಳು: "ಪರ್ಸೆಂಟ್ ಎಷ್ಟು ಅಂತ ಅಪ್ಪನ ಹತ್ತಿರ ಕೇಳಬೇಡ ಕಣೋ. ಯಾವ ಕಾಲಂ ಅಂತ ಕೇಳು."